ಇಲ್ಲಿ ಓಡುವ ಪ್ರೋಗ್ರಾಂ ಅಲ್ಲೇಕೆ ಓಡದು? ಲೈಬ್ರರಿ ಹೊಂದಾಣಿಕೆಯ ಲೆಕ್ಕ

2025ರ ಏಪ್ರಿಲ್ 15ರಂದು ಗಿಟ್‌ಹಬ್, ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿಸುವ ತನ್ನ ಬಿಲ್ಡ್ ಸೇವೆಯಿಂದ ಉಬುಂಟು 20.04 (ಲಿನಕ್ಸಿನ ಒಂದು ವಿತರಣೆ) ಯಂತ್ರಗಳನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಅವುಗಳ ಮೇಲೆ ಸಿ, ಸಿ++ ಪ್ರೋಗ್ರಾಂಗಳನ್ನು ಬಿಲ್ಡ್ ಮಾಡುತ್ತಿದ್ದವರು 22.04ಕ್ಕೋ 24.04ಕ್ಕೋ ಬದಲಾಗಲೇಬೇಕಾಯಿತು. ಕೋಡಿನಲ್ಲಿ ಒಂದು ಸಾಲೂ ತಿದ್ದಿಲ್ಲ, ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿಲ್ಲ, ಟೆಸ್ಟ್‌ಗಳೆಲ್ಲ ಪಾಸು. ಆದರೆ ಹಾಗೆ ತಯಾರಾದ ಪ್ರೋಗ್ರಾಮನ್ನು ರೆಡ್ ಹ್ಯಾಟ್ 8 ಎಂಬ ಇನ್ನೊಂದು ಲಿನಕ್ಸ್ ವಿತರಣೆ ಇರುವ ಸರ್ವರಿಗೆ ಹಾಕಿದರೆ ಅದು ಶುರುವಾಗುವ ಮುನ್ನವೇ ನಿಂತುಬಿಡುತ್ತದೆ: ‘ಲಿಬ್‌ಸಿ.ಎಸ್‌ಒ.6: ವರ್ಶನ್ ಜಿಲಿಬ್‌ಸಿ_2.34 ನಾಟ್ ಫೌಂಡ್’.

ಬಿಲ್ಡ್ ನಿರ್ವಹಿಸುವ ಸಿಮೇಕ್, ಕಂಪೈಲರುಗಳಾದ ಜಿಸಿಸಿ, ಕ್ಲ್ಯಾಂಗ್ ಮುಂತಾದ ಉಪಕರಣಗಳು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಒಂದೇ ಸೋರ್ಸ್ ಕೋಡನ್ನು ಬಿಲ್ಡ್ ಮಾಡಿಕೊಡುತ್ತವೆ. ಆ ಭರವಸೆ ಸೋರ್ಸ್ ಕೋಡಿಗೆ ಮಾತ್ರ. ತಯಾರಾದ ಬೈನರಿ (ಯಂತ್ರ ನೇರವಾಗಿ ಓಡಿಸುವ ಫೈಲ್) ಯಾವ ಯಂತ್ರದಲ್ಲಿ ಓಡುತ್ತದೆ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಬಿಲ್ಡ್ ಮಾಡಿದ ಯಂತ್ರದಲ್ಲಿದ್ದ ಲೈಬ್ರರಿಗಳು.

ಮೊದಲು ಪದಗಳು

ಲೈಬ್ರರಿ ಎಂದರೆ ಮೊದಲೇ ಬರೆದು ಕಂಪೈಲ್ ಮಾಡಿಟ್ಟ ಫಂಕ್ಷನ್‌ಗಳ ಕಟ್ಟು. ಪರದೆಯ ಮೇಲೆ ಒಂದು ಸಾಲು ಮುದ್ರಿಸುವುದು, ಫೈಲ್ ತೆರೆಯುವುದು, ಮೆಮರಿ ಕೇಳುವುದು ಇವೆಲ್ಲ ಸಿ ಲೈಬ್ರರಿಯ ಕೆಲಸ. ಅತಿ ಚಿಕ್ಕ ಕನ್ಸೋಲ್ ಪ್ರೋಗ್ರಾಮಿಗೂ ಅದು ಬೇಕು.

ಲೈಬ್ರರಿಯನ್ನು ಪ್ರೋಗ್ರಾಮಿಗೆ ಎರಡು ರೀತಿಯಲ್ಲಿ ಜೋಡಿಸಬಹುದು. ಮದುವೆಗೆ ಬರುವ ಅಡುಗೆ ಭಟ್ಟರು ಕೊಳಗ, ಒಲೆ, ಸೌಟುಗಳನ್ನೆಲ್ಲ ತಾವೇ ಹೊತ್ತು ತಂದರೆ ಅದು ಸ್ಟ್ಯಾಟಿಕ್ ಲಿಂಕಿಂಗ್: ಬೇಕಾದ ಫಂಕ್ಷನ್‌ಗಳ ಪ್ರತಿ ಪ್ರೋಗ್ರಾಮಿನ ಒಳಗೇ ಇರುತ್ತದೆ. ‘ಇಷ್ಟು ಸಾಮಾನು ನಿಮ್ಮಲ್ಲೇ ಇರಲಿ’ ಎಂದು ಪಟ್ಟಿ ಕೊಟ್ಟು ಬರಿಗೈಲಿ ಬಂದರೆ ಅದು ಡೈನಾಮಿಕ್ ಲಿಂಕಿಂಗ್: ಪ್ರೋಗ್ರಾಮಿನೊಳಗೆ ಲೈಬ್ರರಿಗಳ ಹೆಸರು ಮಾತ್ರ ಇರುತ್ತದೆ, ಸಾಮಾನು ಒದಗಿಸುವುದು ಓಡಿಸುವ ಯಂತ್ರ. ಪ್ರೋಗ್ರಾಂ ಶುರುವಾಗುವಾಗ ಆ ಪಟ್ಟಿ ಓದಿ ಲೈಬ್ರರಿಗಳನ್ನು ಹುಡುಕಿ ತರುವ ಪುಟ್ಟ ಪ್ರೋಗ್ರಾಮಿಗೆ ಲೋಡರ್ ಎನ್ನುತ್ತಾರೆ.

ಇನ್ನೊಂದು ಜೋಡಿ: ಎಪಿಐ ಮತ್ತು ಎಬಿಐ. ಫಂಕ್ಷನ್ನಿನ ಹೆಸರೇನು, ಅದಕ್ಕೆ ಏನು ಕೊಡಬೇಕು ಎಂಬ ಸೋರ್ಸ್ ಮಟ್ಟದ ಒಪ್ಪಂದ ಎಪಿಐ. ಆ ಮೌಲ್ಯಗಳು ಯಾವ ರಿಜಿಸ್ಟರಿನಲ್ಲಿ ಹೋಗಬೇಕು, ಒಂದು ಸ್ಟ್ರಕ್ಚರ್ ಎಷ್ಟು ಬೈಟ್, ಬೈನರಿಯೊಳಗೆ ಫಂಕ್ಷನ್ನಿಗೆ ಯಾವ ಹೆಸರು ಎಂಬ ಯಂತ್ರ ಮಟ್ಟದ ಒಪ್ಪಂದ ಎಬಿಐ. ಎಪಿಐ ಮುರಿದರೆ ಕಂಪೈಲರ್ ಕೂಡಲೇ ಹೇಳುತ್ತದೆ. ಎಬಿಐ ಮುರಿದರೆ ಕಂಪೈಲರಿಗೆ ಗೊತ್ತೇ ಆಗುವುದಿಲ್ಲ. ಅದು ತಿಳಿಯುವುದು ಕಂಪೈಲ್ ಆದ ತುಣುಕುಗಳನ್ನೂ ಲೈಬ್ರರಿಗಳನ್ನೂ ಜೋಡಿಸುವ ಲಿಂಕರಿಗೆ, ಅಥವಾ ಲೋಡರಿಗೆ, ಅಥವಾ ಯಾರಿಗೂ ತಿಳಿಯದೆ ಡೇಟಾ ಕೆಟ್ಟುಹೋಗುತ್ತದೆ. ಈ ಲೇಖನದ ತೊಂದರೆಗಳೆಲ್ಲ ಎರಡನೆಯ ಬಗೆಯವು.

ಲಿನಕ್ಸ್: ಪ್ರತಿ ಫಂಕ್ಷನ್ನಿನ ಮೇಲೊಂದು ಆವೃತ್ತಿ ಮುದ್ರೆ

ಹೆಚ್ಚಿನ ಲಿನಕ್ಸ್ ವಿತರಣೆಗಳು ಬಳಸುವ ಸಿ ಲೈಬ್ರರಿ ಜಿಲಿಬ್‌ಸಿ. ಇದು ಹಳೆಯ ಪ್ರೋಗ್ರಾಂಗಳನ್ನು ಕೈಬಿಡದಂತೆ ಒಂದು ವ್ಯವಸ್ಥೆ ಮಾಡಿಕೊಂಡಿದೆ. ಯಾವುದಾದರೂ ಫಂಕ್ಷನ್ನಿನ ನಡವಳಿಕೆ ಬದಲಾದರೆ ಹಳೆಯದನ್ನು ಅಳಿಸುವುದಿಲ್ಲ. ಅದೇ ಹೆಸರಿನ ಹೊಸ ಪ್ರತಿಯನ್ನು ಹೊಸ ಆವೃತ್ತಿ ಮುದ್ರೆಯೊಂದಿಗೆ ಪಕ್ಕದಲ್ಲೇ ಇಡುತ್ತದೆ. ಉದಾಹರಣೆಗೆ, 64 ಬಿಟ್ ಇಂಟೆಲ್ ಯಂತ್ರಗಳ ಜಿಲಿಬ್‌ಸಿಯಲ್ಲಿ ಮೆಮರಿ ನಕಲು ಮಾಡುವ ‘ಮೆಮ್‌ಕಾಪಿ’ ಎರಡಿವೆ: 2.2.5 ಮುದ್ರೆಯದೊಂದು, 2.14 ಮುದ್ರೆಯದೊಂದು. ಹಳೆಯ ಪ್ರೋಗ್ರಾಂ ಹಳೆಯದನ್ನೇ ಕೇಳುತ್ತದೆ, ಅದಕ್ಕೆ ಅದು ಸಿಗುತ್ತದೆ.

ಆದರೆ ಲಿಂಕ್ ಮಾಡುವಾಗ ಲಿಂಕರ್ ಯಾವಾಗಲೂ ಆ ಯಂತ್ರದಲ್ಲಿರುವ ಇತ್ತೀಚಿನ ಪ್ರತಿಯನ್ನೇ ಆರಿಸಿ ಅದರ ಮುದ್ರೆಯನ್ನು ಬೈನರಿಯಲ್ಲಿ ಬರೆಯುತ್ತದೆ. ಆದ್ದರಿಂದ ಹಳೆಯ ಯಂತ್ರದಲ್ಲಿ ಬಿಲ್ಡ್ ಮಾಡಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಓಡುವ ಖಾತ್ರಿ ಇಲ್ಲ.

ಹೊಸ ಫಂಕ್ಷನ್ ಯಾವುದನ್ನೂ ಬಳಸದಿದ್ದರೂ ಹೀಗಾಗಲು 2021ರ ಆಗಸ್ಟ್‌ನ ಜಿಲಿಬ್‌ಸಿ 2.34 ಮುಖ್ಯ ಕಾರಣ. ಆ ಆವೃತ್ತಿಯಲ್ಲಿ ಥ್ರೆಡ್ ಲೈಬ್ರರಿಯೂ, ಓಡುತ್ತಿರುವಾಗ ಬೇರೆ ಲೈಬ್ರರಿ ತೆರೆಯುವ ಡಿಎಲ್ ಲೈಬ್ರರಿಯೂ ಮೂಲ ಲಿಬ್‌ಸಿಯೊಳಗೇ ಸೇರಿದವು. ಜೊತೆಗೆ, ಮೇನ್ ಫಂಕ್ಷನ್ನನ್ನು ಕರೆಯುವ ಮೊದಲ ಹೆಜ್ಜೆಯಾದ ‘ಲಿಬ್‌ಸಿ ಸ್ಟಾರ್ಟ್ ಮೇನ್’ ಎಂಬ ಒಳಫಂಕ್ಷನ್ನಿಗೂ 2.34ರ ಹೊಸ ಮುದ್ರೆ ಬಿತ್ತು. ಪ್ರತಿ ಪ್ರೋಗ್ರಾಮೂ ಅದರ ಮೂಲಕವೇ ಶುರುವಾಗಬೇಕು. ಹಾಗಾಗಿ 2.34 ಅಥವಾ ಅದಕ್ಕಿಂತ ಹೊಸ ಜಿಲಿಬ್‌ಸಿ ಇರುವ ಯಂತ್ರದಲ್ಲಿ ಮಾಮೂಲಿಯಾಗಿ ಬಿಲ್ಡ್ ಮಾಡಿದ ‘ಹಲೋ ವರ್ಲ್ಡ್’ ಕೂಡ 2.33ರ ಯಂತ್ರದಲ್ಲಿ ಓಡುವುದಿಲ್ಲ.

ಇನ್ನೊಂದು ಗೆರೆ 2.38. ಅಕ್ಷರಗಳನ್ನು ಸಂಖ್ಯೆಯಾಗಿ ಬದಲಿಸುವ ‘ಸ್ಟ್ರ್‌ಟಾಲ್’ ಕುಟುಂಬದ ಫಂಕ್ಷನ್‌ಗಳು ಅಲ್ಲಿ ಸಿ23 ಮಾನದಂಡದಂತೆ 0ಬಿ ಎಂದು ಶುರುವಾಗುವ ದ್ವಿಮಾನ ಸಂಖ್ಯೆಗಳನ್ನೂ ಓದತೊಡಗಿದವು. ಫಂಕ್ಷನ್‌ಗಳ ಘೋಷಣೆ ಇರುವ ಹೆಡರ್ ಫೈಲ್‌ಗಳು ಸದ್ದಿಲ್ಲದೆ ಹೊಸ ಹೆಸರಿನ ಫಂಕ್ಷನ್ನಿಗೆ ದಾರಿ ತಿರುಗಿಸುತ್ತವೆ. ಜಿ++ ಕಂಪೈಲರ್ ಗ್ನೂ ವಿಸ್ತರಣೆಗಳನ್ನು ತಾನಾಗಿಯೇ ಆನ್ ಮಾಡುವುದರಿಂದ ಸಿ++ ಕೋಡಿಗೆ ಇದು ಮೊದಲು ತಟ್ಟುತ್ತದೆ. ಉಬುಂಟು 24.04ರಲ್ಲಿ ಬಿಲ್ಡ್ ಮಾಡಿದ ಪ್ರೋಗ್ರಾಂ 22.04ರಲ್ಲೂ ಓಡದಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಸಾಮಾನ್ಯವಾಗಿ ಎದುರಾಗುವ ವಿತರಣೆಗಳ ಜಿಲಿಬ್‌ಸಿ ಹೀಗಿದೆ: ಸೆಂಟ್‌ಒಎಸ್ 7 – 2.17, ಉಬುಂಟು 18.04 – 2.27; ರೆಡ್ ಹ್ಯಾಟ್ 8, ಆಲ್ಮಾಲಿನಕ್ಸ್ 8, ಡೆಬಿಯನ್ 10 – 2.28; ಉಬುಂಟು 20.04, ಡೆಬಿಯನ್ 11 – 2.31, ರೆಡ್ ಹ್ಯಾಟ್ 9 – 2.34, ಉಬುಂಟು 22.04 – 2.35, ಡೆಬಿಯನ್ 12 – 2.36, ಉಬುಂಟು 24.04 – 2.39. ಯಂತ್ರದ ಮುಂದೆಯೇ ಇದ್ದರೆ ‘ಎಲ್‌ಡಿಡಿ --ವರ್ಶನ್’ ಕಮಾಂಡಿನ ಮೊದಲ ಸಾಲು ಇದನ್ನೇ ಹೇಳುತ್ತದೆ.

ಬೈನರಿ ಏನು ಕೇಳುತ್ತಿದೆ ಎಂದು ನೋಡುವುದು

ಊಹೆ ಬೇಡ, ಬೈನರಿಯನ್ನೇ ಕೇಳಬಹುದು. ‘ಆಬ್ಜ್‌ಡಂಪ್’ ಕಮಾಂಡಿಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ಪ್ರೋಗ್ರಾಂ ಹೊರಗಿನಿಂದ ಕೇಳುವ ಪ್ರತಿ ಫಂಕ್ಷನ್ನೂ ಅದರ ಮುದ್ರೆಯೂ ಕಾಣುತ್ತವೆ. ಅದರಿಂದ ಜಿಲಿಬ್‌ಸಿ ಎಂದಿರುವ ಸಾಲುಗಳನ್ನು ‘ಗ್ರೆಪ್’ನಿಂದ ಆರಿಸಿ, ಆವೃತ್ತಿಯ ಭಾಗ ಮಾತ್ರ ಉಳಿಸಿಕೊಂಡು, ‘ಸಾರ್ಟ್’ಗೆ ಕಳಿಸಿದರೆ ಕೊನೆಯ ಸಾಲೇ ಬೇಕಾದ ಕನಿಷ್ಠ ಜಿಲಿಬ್‌ಸಿ. ‘ಸಾರ್ಟ್’ಗೆ ದೊಡ್ಡಕ್ಷರದ ವಿ ಆಯ್ಕೆ ಮರೆಯಬಾರದು. ಇಲ್ಲದಿದ್ದರೆ ಅಕ್ಷರಗಳ ಕ್ರಮದಲ್ಲಿ 2.4 ಎಂಬುದು 2.34ರ ನಂತರ ಬರುತ್ತದೆ. ಸ್ಟ್ಯಾಕ್ ರಕ್ಷಣೆಯ ಫಂಕ್ಷನ್ನಿನ ಮುದ್ರೆ 2.4 ಆಗಿರುವುದರಿಂದ ಬಹುತೇಕ ಬೈನರಿಗಳಲ್ಲಿ ಆ ಸಾಲು ಇದ್ದೇ ಇರುತ್ತದೆ, ನೋಡಿದವರು ‘2.4 ಸಾಕು’ ಎಂದು ನಂಬಿ ಮೋಸ ಹೋಗುತ್ತಾರೆ.

ಯಾವ ಲೈಬ್ರರಿ ಫೈಲ್‌ಗಳು ಬೇಕು, ಅವು ಎಲ್ಲಿ ಸಿಕ್ಕವು ಎಂಬುದಕ್ಕೆ ‘ಎಲ್‌ಡಿಡಿ’. ಗುರುತಿಲ್ಲದ ಕಡೆಯಿಂದ ಬಂದ ಬೈನರಿಯ ಮೇಲೆ ಮಾತ್ರ ಇದನ್ನು ಓಡಿಸಬಾರದು, ಕೆಲವು ಸಂದರ್ಭಗಳಲ್ಲಿ ಎಲ್‌ಡಿಡಿ ಆ ಪ್ರೋಗ್ರಾಮನ್ನೇ ಶುರುಮಾಡುತ್ತದೆ. ಅಂಥವಕ್ಕೆ ‘ರೀಡೆಲ್ಫ್ -ಡಿ’ ಸುರಕ್ಷಿತ. ಅದು ಫೈಲನ್ನು ಓದುತ್ತದೆ ಅಷ್ಟೇ.

ಸರಿಪಡಿಸುವ ದಾರಿ

ಮೊದಲಿಗೆ, ಮಾಡಬಾರದ್ದು. ಹೊಸ ಯಂತ್ರದಿಂದ ಲಿಬ್‌ಸಿ.ಎಸ್‌ಒ.6 ನಕಲು ಮಾಡಿ ಹಳೆಯ ಸರ್ವರಿನ ಸಿಸ್ಟಂ ಫೋಲ್ಡರಿಗೆ ಹಾಕಬಾರದು. ಲೋಡರ್ ಮತ್ತು ಲಿಬ್‌ಸಿ ಒಂದೇ ಆವೃತ್ತಿಯ ಜೋಡಿಯಾಗಿರಲೇಬೇಕು. ಜೋಡಿ ತಪ್ಪಿದರೆ ‘ಎಲ್‌ಎಸ್’ ಕೂಡ ಓಡದು, ಹಳೆಯ ಫೈಲನ್ನು ವಾಪಸ್ ಇಡಲು ‘ಸಿಪಿ’ಯೂ ಇರದು.

ಸರಿಯಾದ ಕ್ರಮವೆಂದರೆ ಬೆಂಬಲಿಸಬೇಕಾದ ಅತಿ ಹಳೆಯ ವಿತರಣೆಯ ಮೇಲೆ ಬಿಲ್ಡ್ ಮಾಡುವುದು. ಹಳೆಯ ಕಂಪ್ಯೂಟರ್ ಹುಡುಕಬೇಕಿಲ್ಲ. ಡಾಕರ್ ಕಂಟೇನರ್ ಎಂದರೆ ಒಂದು ವಿತರಣೆಯ ಫೈಲ್‌ಗಳನ್ನೆಲ್ಲ ಕಟ್ಟಿಟ್ಟ ಪ್ರತ್ಯೇಕ ಪರಿಸರ; ಅದರಲ್ಲಿ ಕರ್ನಲ್ (ಸಿಸ್ಟಂನ ತಿರುಳು) ಮಾತ್ರ ಹೊರಗಿನದು, ಜಿಲಿಬ್‌ಸಿ ಕಂಟೇನರಿನದೇ. ಆದ್ದರಿಂದ ಉಬುಂಟು 24.04ರ ಯಂತ್ರದ ಮೇಲೆಯೇ ಆಲ್ಮಾಲಿನಕ್ಸ್ 8ರ ಕಂಟೇನರ್ ತೆರೆದು ಬಿಲ್ಡ್ ಮಾಡಿದರೆ ಬೈನರಿ ಕೇಳುವುದು 2.28ಕ್ಕಿಂತ ಹೆಚ್ಚಿಲ್ಲ. ಪೈಥಾನ್ ಸಮುದಾಯ ತನ್ನ ಪ್ಯಾಕೇಜುಗಳಿಗಾಗಿ ಸಿದ್ಧಪಡಿಸಿರುವ ‘ಮೆನಿಲಿನಕ್ಸ್_2_28’ ಕಂಟೇನರ್ ಇದೇ ತತ್ತ್ವದ್ದು, ಹೆಸರಿನಲ್ಲೇ ಜಿಲಿಬ್‌ಸಿ ಆವೃತ್ತಿ ಇದೆ. ಪೈಥಾನಿಗೆ ಸಂಬಂಧವೇ ಇಲ್ಲದ ಸಿ++ ಪ್ರೋಗ್ರಾಮಿಗೂ ಅದನ್ನು ಧಾರಾಳವಾಗಿ ಬಳಸಬಹುದು.

ಕಂಟೇನರ್ ಬೇಡವೆಂದರೆ ಝಿಗ್ ಭಾಷೆಯ ಜೊತೆ ಬರುವ ‘ಝಿಗ್ ಸಿಸಿ’ ಇದೆ. ಇದು ಕ್ಲ್ಯಾಂಗ್ ಆಧಾರಿತ ಸಿ ಕಂಪೈಲರ್. ಟಾರ್ಗೆಟ್ ಹೆಸರಿನ ಕೊನೆಯಲ್ಲಿ ‘ಗ್ನೂ.2.17’ ಎಂದು ಬರೆದರೆ ಆ ಆವೃತ್ತಿಯ ಜಿಲಿಬ್‌ಸಿಗೆ ತಕ್ಕಂತೆ ಲಿಂಕ್ ಮಾಡುತ್ತದೆ. ಸ್ವಂತ ಕೋಡಿಗೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಆದರೆ ಉಬುಂಟುವಿನ ಪ್ಯಾಕೇಜಿನಿಂದ ಬಂದ ಬೇರೆ ಲೈಬ್ರರಿಗಳನ್ನು ಸೇರಿಸಿದರೆ ಅವು ತಮ್ಮ ಹೊಸ ಮುದ್ರೆಗಳನ್ನೇ ಹೊತ್ತು ತರುತ್ತವೆ. ಆ ಲೈಬ್ರರಿಗಳನ್ನೂ ಝಿಗ್‌ನಿಂದಲೇ ಬಿಲ್ಡ್ ಮಾಡಬೇಕು.

ಸಿ++ ಬಂದರೆ ಇನ್ನೊಂದು ಪದರ

ಸಿ++ ಪ್ರೋಗ್ರಾಮಿಗೆ ಲಿಬ್‌ಎಸ್‌ಟಿಡಿಸಿ++ ಕೂಡ ಬೇಕು. ಅದು ಜಿಸಿಸಿಯ ಜೊತೆ ಬರುತ್ತದೆ, ಅದರ ಮುದ್ರೆಗಳು ಬೇರೆ: ಜಿಸಿಸಿ 11ರದ್ದು ‘ಜಿಲಿಬ್‌ಸಿಎಕ್ಸ್‌ಎಕ್ಸ್_3.4.29’, ಜಿಸಿಸಿ 12ರದ್ದು 3.4.30. ಹಳೆಯ ವಿತರಣೆಯ ಮೇಲೆ ಹೊಸ ಜಿಸಿಸಿಯನ್ನು ಕೈಯಾರೆ ಹಾಕಿ ಬಿಲ್ಡ್ ಮಾಡಿದವರಿಗೆ ಜಿಲಿಬ್‌ಸಿ ಸರಿಯಿದ್ದರೂ ಇದು ಕೈಕೊಡುತ್ತದೆ. ಲಿಂಕ್ ಮಾಡುವಾಗ ‘-ಸ್ಟ್ಯಾಟಿಕ್-ಲಿಬ್‌ಎಸ್‌ಟಿಡಿಸಿ++’ ಮತ್ತು ‘-ಸ್ಟ್ಯಾಟಿಕ್-ಲಿಬ್‌ಜಿಸಿಸಿ’ ಎರಡನ್ನೂ ಕೊಟ್ಟರೆ ಇವೆರಡು ಮಾತ್ರ ಒಳಗೆ ಸೇರುತ್ತವೆ, ಜಿಲಿಬ್‌ಸಿ ಡೈನಾಮಿಕ್ ಆಗಿಯೇ ಉಳಿಯುತ್ತದೆ. ಒಂಟಿ ಕನ್ಸೋಲ್ ಪ್ರೋಗ್ರಾಮಿಗೆ ಇದು ಒಳ್ಳೆಯ ಆಯ್ಕೆ. ಪರವಾನಗಿಯ ತೊಡಕೂ ಇಲ್ಲ, ಜಿಸಿಸಿಯ ರನ್‌ಟೈಮ್ ಲೈಬ್ರರಿಗಳಿಗೆ ಅದಕ್ಕೆಂದೇ ವಿನಾಯಿತಿ ಇದೆ. ಪ್ರೋಗ್ರಾಂ ತನ್ನ ಪ್ಲಗಿನ್‌ಗಳನ್ನು ಓಡುತ್ತಿರುವಾಗ ಲೋಡ್ ಮಾಡುವಂಥದ್ದಾದರೆ ಮಾತ್ರ ಬೇಡ, ಎಕ್ಸೆಪ್ಶನ್‌ಗಳು ಒಂದು ಲೈಬ್ರರಿಯಿಂದ ಇನ್ನೊಂದಕ್ಕೆ ದಾಟುವಾಗ ಎಡವುತ್ತವೆ.

ರೆಡ್ ಹ್ಯಾಟ್ ಕುಟುಂಬದ ‘ಜಿಸಿಸಿ-ಟೂಲ್‌ಸೆಟ್’ ಪ್ಯಾಕೇಜುಗಳು ಈ ಕೆಲಸವನ್ನು ಜಾಣತನದಿಂದ ಮಾಡುತ್ತವೆ: ಸಿಸ್ಟಂನ ಹಳೆಯ ಲಿಬ್‌ಎಸ್‌ಟಿಡಿಸಿ++ಗೆ ಲಿಂಕ್ ಮಾಡಿ, ಅದರಲ್ಲಿಲ್ಲದ ಹೊಸ ಭಾಗಗಳನ್ನಷ್ಟೇ ಸ್ಟ್ಯಾಟಿಕ್ ಆಗಿ ಸೇರಿಸುತ್ತವೆ. ಹೊಸ ಸಿ++ ಸೌಲಭ್ಯ, ಹಳೆಯ ವಿತರಣೆ ಎರಡೂ ಒಟ್ಟಿಗೆ ದಕ್ಕುತ್ತವೆ.

ಲಿಂಕರ್ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಬೈದು, ಆ ಹೆಸರಿನೊಳಗೆ ‘ಸಿಎಕ್ಸ್‌ಎಕ್ಸ್11’ ಎಂಬ ತುಣುಕು ಕಂಡರೆ ಕಾರಣ ಬೇರೆ. 2015ರ ಜಿಸಿಸಿ 5ರಲ್ಲಿ ಸ್ಟ್ರಿಂಗ್ ಮತ್ತು ಲಿಸ್ಟ್‌ಗಳ ಒಳರಚನೆ ಬದಲಾಯಿತು, ಹಳೆಯದೂ ಹೊಸದೂ ಈಗ ಒಟ್ಟಿಗೇ ಇವೆ. ಕೈಯಲ್ಲಿರುವ ಲೈಬ್ರರಿ ಒಂದು ರಚನೆಯದು, ಪ್ರೋಗ್ರಾಂ ಇನ್ನೊಂದರದು ಎಂದು ಅದರ ಅರ್ಥ. ಲೈಬ್ರರಿಯನ್ನು ಮತ್ತೆ ಕಂಪೈಲ್ ಮಾಡುವುದೇ ಸರಿ. ಅದರ ಸೋರ್ಸ್ ಇಲ್ಲದಿದ್ದರೆ ‘ಜಿಲಿಬ್‌ಸಿಎಕ್ಸ್‌ಎಕ್ಸ್ ಯೂಸ್ ಸಿಎಕ್ಸ್‌ಎಕ್ಸ್11 ಎಬಿಐ’ ಮ್ಯಾಕ್ರೋವಿಗೆ 0 ಕೊಟ್ಟು ಇಡೀ ಪ್ರೋಗ್ರಾಮನ್ನು ಹಳೆಯ ರಚನೆಗೆ ಇಳಿಸಬೇಕು. ಅರ್ಧ ಹೀಗೆ ಅರ್ಧ ಹಾಗೆ ಬಿಡುವಂತಿಲ್ಲ.

ಹೆಸರಿನ ಕೊನೆಯ ಅಂಕಿ

ಜಿಲಿಬ್‌ಸಿಯಷ್ಟು ಶಿಸ್ತು ಎಲ್ಲ ಲೈಬ್ರರಿಗಳಿಗಿಲ್ಲ. ಹೆಚ್ಚಿನವು ಎಬಿಐ ಮುರಿದಾಗ ಫೈಲ್ ಹೆಸರಿನ ಕೊನೆಯ ಅಂಕಿಯನ್ನು ಬದಲಿಸುತ್ತವೆ. ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಉಬುಂಟು 20.04ರಲ್ಲಿ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1, 22.04ರಲ್ಲಿ ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3. ಟರ್ಮಿನಲ್ಲಿನಲ್ಲಿ ಬಣ್ಣ, ಮೆನು ತೋರಿಸುವ ಕನ್ಸೋಲ್ ಪ್ರೋಗ್ರಾಂಗಳಿಗೆ ಬೇಕಾದ ಲಿಬ್‌ಟಿನ್‌ಫೋ 5ರಿಂದ 6ಕ್ಕೆ ಹೋಗಿದೆ, ಉಬುಂಟು 24.04ರ ಭಂಡಾರದಲ್ಲಿ 5 ಇಲ್ಲವೇ ಇಲ್ಲ. ಇಲ್ಲಿ ತೊಂದರೆ ತಿರುವುಮುರುವು: ಹಳೆಯ ಬೈನರಿ ಹೊಸ ಯಂತ್ರದಲ್ಲಿ ಓಡುವುದಿಲ್ಲ.

6ರ ಫೈಲಿಗೆ 5ರ ಹೆಸರಿನ ಸಿಮ್‌ಲಿಂಕ್ (ಇನ್ನೊಂದು ಫೈಲನ್ನು ತೋರಿಸುವ ಅಡ್ಡಹೆಸರು) ಮಾಡಿದರಾಯಿತು ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕೆಲವೊಮ್ಮೆ ಪ್ರೋಗ್ರಾಂ ಶುರುವೂ ಆಗುತ್ತದೆ. ಆದರೆ ಅಂಕಿ ಬದಲಾದದ್ದೇ ಒಳರಚನೆ ಬದಲಾಗಿದೆ ಎಂದು ತಿಳಿಸಲು, ಆ ಎಚ್ಚರಿಕೆಯನ್ನು ಸಿಮ್‌ಲಿಂಕ್ ಮುಚ್ಚಿಹಾಕುತ್ತದೆ. ಬೇಕಾದ ಆವೃತ್ತಿಯ ಲೈಬ್ರರಿಯನ್ನು ಪ್ರೋಗ್ರಾಮಿನ ಪಕ್ಕದ ಫೋಲ್ಡರಿನಲ್ಲಿಟ್ಟು, ಲೈಬ್ರರಿ ಹುಡುಕುವ ದಾರಿಯನ್ನು ಬೈನರಿಯಲ್ಲೇ ಇಡುವ ‘ಆರ್‌ಪಾತ್’ನಲ್ಲಿ ‘$ಒರಿಜಿನ್’ ಎಂದು ಬರೆದರೆ ಲೋಡರ್ ಪ್ರೋಗ್ರಾಂ ಇರುವ ಜಾಗದಿಂದಲೇ ಹುಡುಕುತ್ತದೆ. ಕಮಾಂಡಿನಲ್ಲಿ ಇದನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆಯಬೇಕು, ಇಲ್ಲವಾದರೆ ಶೆಲ್ ಅದನ್ನು ತನ್ನ ವೇರಿಯಬಲ್ ಎಂದುಕೊಂಡು ಖಾಲಿ ಮಾಡಿಬಿಡುತ್ತದೆ. ಮೇಕ್‌ಫೈಲಿನಲ್ಲಿ ಡಾಲರ್ ಚಿಹ್ನೆ ಎರಡು ಬೇಕು. ಸಿಮೇಕ್ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಬಿಲ್ಡ್ ಫೋಲ್ಡರಿನಲ್ಲಿ ಓಡುವಾಗ ಸಿಮೇಕ್ ತಾನೇ ಆರ್‌ಪಾತ್ ಹಾಕಿಕೊಡುತ್ತದೆ, ಇನ್‌ಸ್ಟಾಲ್ ಮಾಡುವಾಗ ಅಳಿಸುತ್ತದೆ. ‘ಸಿಮೇಕ್_ಇನ್‌ಸ್ಟಾಲ್_ಆರ್‌ಪಾತ್’ ಕೊಡದಿದ್ದರೆ ಬಿಲ್ಡ್ ಫೋಲ್ಡರಿನಲ್ಲಿ ಸರಿಯಾಗಿ ಓಡುವುದು ಇನ್‌ಸ್ಟಾಲ್ ಆದ ಮೇಲೆ ಓಡುವುದಿಲ್ಲ.

ಎಲ್ಲವನ್ನೂ ಒಳಗೇ ಸೇರಿಸಿದರೆ?

ಪೂರ್ತಿ ಸ್ಟ್ಯಾಟಿಕ್ ಮಾಡಿದರೆ ಈ ಗೋಜೇ ಇಲ್ಲ ಎನಿಸುತ್ತದೆ. ಜಿಲಿಬ್‌ಸಿಯ ಜೊತೆ ಅದು ಅರ್ಧ ಸತ್ಯ. ನೆಟ್‌ವರ್ಕ್ ಹೆಸರು ಹುಡುಕುವ ‘ಗೆಟ್‌ಅಡ್ರ್‌ಇನ್‌ಫೋ’ ಮುಂತಾದ ಫಂಕ್ಷನ್‌ಗಳು ಸ್ಟ್ಯಾಟಿಕ್ ಬೈನರಿಯಲ್ಲೂ ಓಡುವ ಯಂತ್ರದ ಜಿಲಿಬ್‌ಸಿಯ ತುಣುಕುಗಳನ್ನು ಲೋಡ್ ಮಾಡಲು ನೋಡುತ್ತವೆ, ಆವೃತ್ತಿ ಬೇರೆಯಾದರೆ ಕ್ರ್ಯಾಶ್ ಆಗಬಹುದು. ಲಿಂಕರ್ ಇದರ ಬಗ್ಗೆ ಎಚ್ಚರಿಕೆ ಮುದ್ರಿಸುತ್ತದೆ, ಅದನ್ನು ಅಲಕ್ಷಿಸಬಾರದು. ಜಿಲಿಬ್‌ಸಿ ಎಲ್‌ಜಿಪಿಎಲ್ ಪರವಾನಗಿಯದು. ಅದನ್ನು ಸ್ಟ್ಯಾಟಿಕ್ ಆಗಿ ಸೇರಿಸಿ ಮುಚ್ಚಿದ ಸೋರ್ಸಿನ ಪ್ರೋಗ್ರಾಂ ಹಂಚುವವರು ಬಳಕೆದಾರರು ಮರಳಿ ಲಿಂಕ್ ಮಾಡಿಕೊಳ್ಳಲು ಬೇಕಾದ ಆಬ್ಜೆಕ್ಟ್ ಫೈಲ್‌ಗಳನ್ನೂ ಒದಗಿಸಬೇಕಾಗುತ್ತದೆ.

ಪೂರ್ತಿ ಸ್ಟ್ಯಾಟಿಕ್ ಬೇಕಿದ್ದರೆ ‘ಮಸಲ್’ ಎಂಬ ಸಿ ಲೈಬ್ರರಿ ಸೂಕ್ತ. ಅದನ್ನು ಹಾಗೆ ಬಳಸಲೆಂದೇ ಕಟ್ಟಿದ್ದಾರೆ, ಪರವಾನಗಿ ಎಂಐಟಿ. ಆಲ್ಪೈನ್ ಲಿನಕ್ಸ್ ಇದರ ಮೇಲೆ ನಿಂತಿದೆ, ಆಲ್ಪೈನ್ ಕಂಟೇನರಿನಲ್ಲಿ ‘-ಸ್ಟ್ಯಾಟಿಕ್’ ಕೊಟ್ಟು ಬಿಲ್ಡ್ ಮಾಡಿದರೆ ಸಾಕು. ತಿಳಿದಿರಬೇಕಾದ ಒಂದು ವ್ಯತ್ಯಾಸ: ಹೊಸ ಥ್ರೆಡ್‌ಗೆ ಜಿಲಿಬ್‌ಸಿ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಕೊಟ್ಟರೆ ಮಸಲ್ ಕೊಡುವುದು 128 ಕೆಬಿ. ಆಳವಾದ ರಿಕರ್ಶನ್ ಇರುವ ಥ್ರೆಡ್ ಅಲ್ಲಿ ಕಾರಣ ಹೇಳದೆ ಬೀಳುತ್ತದೆ. ಥ್ರೆಡ್ ಸೃಷ್ಟಿಸುವಾಗಲೇ ಸ್ಟ್ಯಾಕ್ ಗಾತ್ರ ನಿಗದಿಮಾಡಬೇಕು.

ಜಿಲಿಬ್‌ಸಿಗೆ ಡೈನಾಮಿಕ್ ಆಗಿ ಲಿಂಕ್ ಆದ ಬೈನರಿಯನ್ನು ಆಲ್ಪೈನಿಗೆ ಹಾಕಿದರೆ ಬರುವ ಸಂದೇಶ ಹೊಸಬರನ್ನು ಗಂಟೆಗಟ್ಟಲೆ ಅಲೆದಾಡಿಸುತ್ತದೆ: ಫೈಲ್ ಕಣ್ಣೆದುರೇ ಇದೆ, ಶೆಲ್ ‘ನಾಟ್ ಫೌಂಡ್’ ಎನ್ನುತ್ತದೆ. ಸಿಗದಿರುವುದು ಪ್ರೋಗ್ರಾಂ ಅಲ್ಲ, ಅದರೊಳಗೆ ಬರೆದಿರುವ ಜಿಲಿಬ್‌ಸಿ ಲೋಡರಿನ ದಾರಿ. ಮಸಲ್‌ನ ಲೋಡರ್ ಬೇರೆ ಹೆಸರಿನಲ್ಲಿ, ಬೇರೆ ಜಾಗದಲ್ಲಿರುತ್ತದೆ.

ವಿಂಡೋಸ್: ಮೂರು ಡಿಎಲ್‌ಎಲ್, ಎರಡು ಸಿ ಲೈಬ್ರರಿ

ಮಿನ್‌ಜಿಡಬ್ಲ್ಯೂ ಜಿಸಿಸಿಯಿಂದ (ವಿಂಡೋಸ್‌ಗಾಗಿ ಇರುವ ಜಿಸಿಸಿ) ಬಿಲ್ಡ್ ಆದ ಸಿ++ ಪ್ರೋಗ್ರಾಂ ಬೇರೆಯವರ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಹುಡುಕುವುದು ಮೂರು ಡಿಎಲ್‌ಎಲ್ (ವಿಂಡೋಸ್‌ನ ಡೈನಾಮಿಕ್ ಲೈಬ್ರರಿ ಫೈಲ್): ಲಿಬ್‌ಎಸ್‌ಟಿಡಿಸಿ++-6, ಲಿಬ್‌ಜಿಸಿಸಿ_ಎಸ್_ಎಸ್‌ಇಎಚ್-1, ಲಿಬ್‌ವಿನ್‌ಪಿಥ್ರೆಡ್-1. ‘-ಸ್ಟ್ಯಾಟಿಕ್-ಲಿಬ್‌ಎಸ್‌ಟಿಡಿಸಿ++’, ‘-ಸ್ಟ್ಯಾಟಿಕ್-ಲಿಬ್‌ಜಿಸಿಸಿ’ ಕೊಟ್ಟರೆ ಮೊದಲೆರಡು ಹೋಗುತ್ತವೆ, ಮೂರನೆಯದು ಉಳಿದುಬಿಡುತ್ತದೆ. ಬರೀ ‘-ಸ್ಟ್ಯಾಟಿಕ್’ ಕೊಟ್ಟರೆ ಮೂರೂ ಒಳಗೆ. ಇಲ್ಲವೇ ಮೂರನ್ನೂ ಇಎಕ್ಸ್‌ಇ ಪಕ್ಕದಲ್ಲೇ ಇಡಬೇಕು. ವಿಂಡೋಸ್ ಮೊದಲು ಹುಡುಕುವುದು ಅಲ್ಲೇ. ‘ಪಾತ್’ನಲ್ಲಿ ಎಲ್ಲೋ ಸಿಕ್ಕೀತು ಎಂದು ಬಿಟ್ಟರೆ ಇನ್ಯಾವುದೋ ಸಾಫ್ಟ್‌ವೇರಿನ ಜೊತೆ ಬಂದ ಹಳೆಯ ಪ್ರತಿ ಲೋಡ್ ಆಗುತ್ತದೆ.

ರಿಮೋಟ್ ಯಂತ್ರದಲ್ಲಿ ಸಂದೇಶದ ಪೆಟ್ಟಿಗೆ ಕಾಣುವುದಿಲ್ಲ, ಪ್ರೋಗ್ರಾಂ ಸುಮ್ಮನೆ ಮುಗಿಯುತ್ತದೆ. ಎಕ್ಸಿಟ್ ಕೋಡ್ ನೋಡಿ. -1073741515 ಬಂದರೆ ಡಿಎಲ್‌ಎಲ್ ಸಿಕ್ಕಿಲ್ಲ. -1073741511 ಬಂದರೆ ಡಿಎಲ್‌ಎಲ್ ಸಿಕ್ಕಿದೆ, ಬೇಕಾದ ಫಂಕ್ಷನ್ ಅದರಲ್ಲಿಲ್ಲ, ಅಂದರೆ ಆವೃತ್ತಿ ತಪ್ಪು. -1073741701 ಬಂದರೆ ಬಹುಮಟ್ಟಿಗೆ 64 ಬಿಟ್ ಪ್ರೋಗ್ರಾಮಿಗೆ 32 ಬಿಟ್ ಡಿಎಲ್‌ಎಲ್ ಸಿಕ್ಕಿದೆ, ಅಥವಾ ಅದರ ತಿರುವುಮುರುವು.

ಸಿ ಲೈಬ್ರರಿಯೂ ವಿಂಡೋಸ್‌ನಲ್ಲಿ ಎರಡು: ಹಳೆಯ ಎಂಎಸ್‌ವಿಸಿಆರ್‌ಟಿ, ಮತ್ತು ವಿಂಡೋಸ್ 10ರಿಂದ ಸಿಸ್ಟಂ ಜೊತೆಯೇ ಬರುವ ಯುಸಿಆರ್‌ಟಿ. ಮಿನ್‌ಜಿಡಬ್ಲ್ಯೂ ಉಪಕರಣಗಳನ್ನು ಒದಗಿಸುವ ಎಂಸಿಸ್2 ಈಗ ಯುಸಿಆರ್‌ಟಿ64 ಪರಿಸರವನ್ನೇ ಮೊದಲ ಆಯ್ಕೆಯಾಗಿ ಕೊಡುತ್ತದೆ. ಕನ್ಸೋಲಿನಲ್ಲಿ ಕನ್ನಡ ಓದಿ ಬರೆಯುವ ಪ್ರೋಗ್ರಾಂ ಮಾಡುವವರಿಗೆ ಅದೇ ತಕ್ಕದ್ದು, ಯುಟಿಎಫ್-8 ಲೊಕೇಲ್ ಬೆಂಬಲ ಇರುವುದು ಯುಸಿಆರ್‌ಟಿಯಲ್ಲಿ, ಎಂಎಸ್‌ವಿಸಿಆರ್‌ಟಿಯಲ್ಲಿ ಇಲ್ಲ. ಎರಡನ್ನೂ ಬೆರೆಸಬಾರದು. ಒಂದರ ‘ಮ್ಯಾಲಕ್’ ಕೊಟ್ಟ ಮೆಮರಿಯನ್ನು ಇನ್ನೊಂದರ ‘ಫ್ರೀ’ಗೆ ಕೊಟ್ಟರೆ, ಒಂದರಲ್ಲಿ ತೆರೆದ ಫೈಲ್ ಪಾಯಿಂಟರನ್ನು ಇನ್ನೊಂದಕ್ಕೆ ದಾಟಿಸಿದರೆ ಹೀಪ್ ಕೆಡುತ್ತದೆ. ಎಂಸಿಸ್2ರ ‘ಎಂಸಿಸ್’ ಪರಿಸರದಲ್ಲೇ ಬಿಲ್ಡ್ ಮಾಡಿದರೆ ಮಾತ್ರ ಅದು ನಿಜವಾದ ನೇಟಿವ್ ಪ್ರೋಗ್ರಾಂ ಅಲ್ಲ, ‘ಎಂಸಿಸ್-2.0.ಡಿಎಲ್‌ಎಲ್’ ಇಲ್ಲದೆ ಎಲ್ಲೂ ಓಡುವುದಿಲ್ಲ.

ಮೈಕ್ರೋಸಾಫ್ಟ್ ಕಂಪೈಲರಿನ ಸಿ++ ಲೈಬ್ರರಿಯನ್ನು ಮಿನ್‌ಜಿಡಬ್ಲ್ಯೂ ಪ್ರೋಗ್ರಾಮಿಗೆ ಸೇರಿಸಲಾಗದು, ಇಬ್ಬರೂ ಫಂಕ್ಷನ್ ಹೆಸರುಗಳನ್ನು ಬೈನರಿಯಲ್ಲಿ ಬರೆಯುವ ಕ್ರಮವೇ ಬೇರೆ. ಸಿ ಶೈಲಿಯ ಇಂಟರ್‌ಫೇಸ್ ಇರುವ ಡಿಎಲ್‌ಎಲ್ ಆದರೆ ಆಗುತ್ತದೆ.

ವಿಷುಯಲ್ ಸ್ಟುಡಿಯೋ 2015ರಿಂದ 2022ರವರೆಗಿನ ಬೈನರಿಗಳು ಪರಸ್ಪರ ಹೊಂದುತ್ತವೆ, ಆದರೆ ಲಿಂಕರೂ ಓಡುವ ಯಂತ್ರದ ರನ್‌ಟೈಮೂ ಅವುಗಳಲ್ಲಿ ಅತಿ ಹೊಸದರಷ್ಟಾದರೂ ಹೊಸದಿರಬೇಕು. 2024ರಲ್ಲಿ ವಿಷುಯಲ್ ಸ್ಟುಡಿಯೋ 2022ರ 17.10 ಆವೃತ್ತಿಯು ಥ್ರೆಡ್‌ಗಳ ಬೀಗವಾದ ಮ್ಯೂಟೆಕ್ಸ್‌ನ ಕನ್‌ಸ್ಟ್ರಕ್ಟರನ್ನು ಬದಲಿಸಿತು. ಆಗ ಹಳೆಯ ಎಂಎಸ್‌ವಿಸಿಪಿ140 (ಮೈಕ್ರೋಸಾಫ್ಟ್‌ನ ಸಿ++ ರನ್‌ಟೈಮ್ ಡಿಎಲ್‌ಎಲ್) ಇದ್ದ ಕಂಪ್ಯೂಟರುಗಳಲ್ಲಿ ಹೊಸ ಪ್ರೋಗ್ರಾಂಗಳು ಮೊದಲ ಲಾಕ್‌ನಲ್ಲೇ ಕ್ರ್ಯಾಶ್ ಆದವು. ಫೈಲಿನ ಹೆಸರು ಒಂದೇ, ಒಳಗಿನ ಆವೃತ್ತಿ ಬೇರೆ. ‘/ಎಂಟಿ’ ಆಯ್ಕೆಯಿಂದ ರನ್‌ಟೈಮನ್ನು ಒಳಗೇ ಸೇರಿಸುವುದಾದರೆ ಸೇರುವ ಎಲ್ಲ ಸ್ಟ್ಯಾಟಿಕ್ ಲೈಬ್ರರಿಗಳೂ ‘/ಎಂಟಿ’ಯಲ್ಲೇ ಬಿಲ್ಡ್ ಆಗಿರಬೇಕು. ರನ್‌ಟೈಮನ್ನು ಡಿಎಲ್‌ಎಲ್ ಆಗಿ ಬಳಸುವ ‘/ಎಂಡಿ’ ಒಂದು ನುಸುಳಿದರೂ ಎಲ್‌ಎನ್‌ಕೆ2038 ಎರರ್ ಬರುತ್ತದೆ. ಸಿಮೇಕ್ 3.15ರಿಂದ ಇದಕ್ಕೆ ‘ಸಿಮೇಕ್_ಎಂಎಸ್‌ವಿಸಿ_ರನ್‌ಟೈಮ್_ಲೈಬ್ರರಿ’ ಇದೆ. ಪ್ರಾಜೆಕ್ಟಿನ ಕನಿಷ್ಠ ಸಿಮೇಕ್ ಆವೃತ್ತಿ 3.15ಕ್ಕಿಂತ ಕಡಿಮೆ ಎಂದು ಬರೆದಿದ್ದರೆ ಆ ಸೆಟ್ಟಿಂಗ್ ಸದ್ದಿಲ್ಲದೆ ನಿಷ್ಫಲವಾಗುತ್ತದೆ.

ಮ್ಯಾಕ್

ಇಲ್ಲಿ ಸಿಸ್ಟಂ ಲೈಬ್ರರಿಯನ್ನು ಸ್ಟ್ಯಾಟಿಕ್ ಮಾಡುವ ದಾರಿಯೇ ಇಲ್ಲ. ಬದಲಿಗೆ ‘ಸಿಮೇಕ್_ಒಎಸ್‌ಎಕ್ಸ್_ಡಿಪ್ಲಾಯ್‌ಮೆಂಟ್_ಟಾರ್ಗೆಟ್’ನಲ್ಲಿ ಕನಿಷ್ಠ ಮ್ಯಾಕ್‌ಒಎಸ್ ಆವೃತ್ತಿ ಬರೆದರೆ ಹೊಸ ಯಂತ್ರದಲ್ಲೇ ಹಳೆಯದಕ್ಕೆ ಬಿಲ್ಡ್ ಮಾಡಬಹುದು. ತೊಂದರೆ ಬರುವುದು ಹೋಂಬ್ರೂ ಎಂಬ ಪ್ಯಾಕೇಜ್ ವ್ಯವಸ್ಥೆಯ ಲೈಬ್ರರಿಗಳಿಂದ. ‘ಒಟೂಲ್’ಗೆ ದೊಡ್ಡಕ್ಷರದ ಎಲ್ ಕೊಟ್ಟು ನೋಡಿ: ‘/ಆಪ್ಟ್/ಹೋಂಬ್ರೂ’ ಎಂದು ಶುರುವಾಗುವ ದಾರಿ ಕಂಡರೆ ಹೋಂಬ್ರೂ ಇಲ್ಲದ ಮ್ಯಾಕ್‌ನಲ್ಲಿ ಅದು ಓಡದು. ‘ಇನ್‌ಸ್ಟಾಲ್_ನೇಮ್_ಟೂಲ್’ನಿಂದ ದಾರಿ ತಿದ್ದಿದ ಮೇಲೆ ‘ಕೋಡ್‌ಸೈನ್’ನಿಂದ ಮತ್ತೆ ಸಹಿ ಹಾಕಿ. ಆಪಲ್ ಸಿಲಿಕಾನ್ ಯಂತ್ರಗಳು ಸಹಿ ಕೆಟ್ಟ ಬೈನರಿಯನ್ನು ಓಡಲು ಬಿಡುವುದಿಲ್ಲ.

ಬಿಡುಗಡೆಗೆ ಮುನ್ನ

ಬಿಲ್ಡ್ ಮಾಡಿದ ಯಂತ್ರದಲ್ಲಿ ನಡೆಸಿದ ಟೆಸ್ಟ್ ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ, ಬೇಕಾದ ಲೈಬ್ರರಿಗಳೆಲ್ಲ ಅಲ್ಲಿ ಇದ್ದೇ ಇರುತ್ತವೆ. ಬೆಂಬಲಿಸುವ ವಿತರಣೆಗಳಲ್ಲಿ ಅತಿ ಹಳೆಯದು ಮತ್ತು ಅತಿ ಹೊಸದು, ಎರಡರ ಬರಿಯ ಕಂಟೇನರುಗಳನ್ನು ತೆಗೆದುಕೊಂಡು, ಡೆವಲಪ್‌ಮೆಂಟ್ ಪ್ಯಾಕೇಜು ಒಂದನ್ನೂ ಹಾಕದೆ, ಪ್ರೋಗ್ರಾಮನ್ನು ‘--ವರ್ಶನ್’ ಆಯ್ಕೆಯೊಂದಿಗೆ ಓಡಿಸಬೇಕು. ಲೋಡರಿನ ಬಹುತೇಕ ತಕರಾರು ಅಷ್ಟರಲ್ಲೇ ಹೊರಬರುತ್ತದೆ. ನೆಟ್‌ವರ್ಕ್ ಬಳಸುವ ಪ್ರೋಗ್ರಾಮಾದರೆ ಒಂದು ಹೆಸರನ್ನು ಹುಡುಕಿಸುವ ಕಮಾಂಡೂ ಇರಲಿ, ಸ್ಟ್ಯಾಟಿಕ್ ಬೈನರಿಯ ದೋಷ ಕಾಣುವುದು ಅಲ್ಲೇ. ವಿಂಡೋಸ್ 10, 11ರ ಪ್ರೊ ಆವೃತ್ತಿಗಳಲ್ಲಿರುವ ವಿಂಡೋಸ್ ಸ್ಯಾಂಡ್‌ಬಾಕ್ಸ್ ಪ್ರತಿ ಸಲ ಹೊಸದಾಗಿ ತೆರೆಯುವುದರಿಂದ ಡಿಎಲ್‌ಎಲ್ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಬಿಲ್ಡ್ ಸ್ಕ್ರಿಪ್ಟಿನ ಕೊನೆಯಲ್ಲಿ ಆಬ್ಜ್‌ಡಂಪ್ ಕೊಟ್ಟ ಗರಿಷ್ಠ ಜಿಲಿಬ್‌ಸಿ ಮುದ್ರೆಯನ್ನು 2.28ರ ಜೊತೆ ಹೋಲಿಸಿ, ಮೀರಿದರೆ ಬಿಲ್ಡನ್ನೇ ಫೇಲ್ ಮಾಡಿಸುವ ನಾಲ್ಕು ಸಾಲು ಸೇರಿಸಿಟ್ಟರೆ, ಬಿಲ್ಡ್ ಯಂತ್ರದ ಉಬುಂಟು ಆವೃತ್ತಿ ಮುಂದೊಮ್ಮೆ ಬದಲಾದ ದಿನವೇ ಅದು ಗೊತ್ತಾಗುತ್ತದೆ.